ಮೂವತ್ತೈದು ವರ್ಷ ಸುಮ್ಮನಿದ್ದ ದನಿ

1997ನೇ ಇಸವಿ. ಗೂಗಲ್ ಕಂಪನಿ ಇನ್ನೂ ಹುಟ್ಟಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ತಮ್ಮ ಮೊದಲ ಕಂಪ್ಯೂಟರ್ ಎದುರು ಕೂತು, ಇಂಟರ್ನೆಟ್ಟಿನಲ್ಲಿ ತಮ್ಮದೇ ಹೆಸರು ಟೈಪ್ ಮಾಡಿದರು.

ಇದು ನಾವೆಲ್ಲ ಒಂದಲ್ಲ ಒಂದು ದಿನ ಮಾಡಿದ ಕೆಲಸವೇ. ನಮ್ಮ ಹೆಸರು ಹಾಕಿದರೆ ಲಿಂಕ್ಡ್‌ಇನ್ ಪ್ರೊಫೈಲ್ ಬರುತ್ತದೆ, ಯಾವುದೋ ಕಾಲದ ರಿಸಲ್ಟ್ ಶೀಟ್ ಬರುತ್ತದೆ, ನಮ್ಮದೇ ಹೆಸರಿನ ಇನ್ಯಾರೋ ಹಲ್ಲಿನ ಡಾಕ್ಟರು ಬರುತ್ತಾರೆ. ಅವರಿಗೆ ಬಂದದ್ದು ಬೇರೆ. ತಾವು 1970ರಲ್ಲಿ ಹಾಡಿ, ಯಾರೂ ಕೇಳದೆ, ತಾವೂ ಮರೆತುಬಿಟ್ಟಿದ್ದ ಒಂದು ಆಲ್ಬಮ್ಮನ್ನು ಜನ ಹುಡುಕುತ್ತಿದ್ದರು. ಅದರ ಹಳೇ ಪ್ರತಿ ಯಾರ ಹತ್ತಿರವಾದರೂ ಇದೆಯಾ ಎಂದು ಕೇಳುತ್ತಿದ್ದರು. ಹಾಡಿದವರು ಈಗ ಎಲ್ಲಿದ್ದಾರೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆ ಹೆಂಗಸಿನ ಹೆಸರು ವಾಷ್ಟಿ ಬನ್ಯನ್. ತಾವೇ ಹಾಡು ಕಟ್ಟಿ, ತಾವೇ ಗಿಟಾರ್ ಹಿಡಿದು ಹಾಡುವ ಇಂಗ್ಲೆಂಡಿನ ಜಾನಪದ ಧಾಟಿಯ ಗಾಯಕಿ. ಮೊದಲ ಆಲ್ಬಮ್ 1970ರಲ್ಲಿ, ಎರಡನೆಯದು 2005ರಲ್ಲಿ. ನಡುವೆ 35 ವರ್ಷ. ನನ್ನ ವಯಸ್ಸಿಗಿಂತ ಹೆಚ್ಚು!

"ಕುಂದಾಪ್ರದವನಿಗೆ ಇದೆಲ್ಲ ಎಂತಕ್ಕೆ ಮಾರಾಯಾ" ಅಂತ ಕೇಳಬೇಡಿ. ಈ ಕಥೆ ಕೇಳಿದ ಮೇಲೆ ನಮ್ಮ ಬೈಂದೂರು, ಕುಂದಾಪುರ, ಬ್ರಹ್ಮಾವರದ ಮನೆಗಳೇ ಕಣ್ಣೆದುರು ಬರುತ್ತವೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕುದುರೆಗಾಡಿ ಮತ್ತು ಒಂದು ಆಲ್ಬಮ್

ವಾಷ್ಟಿ ಹುಟ್ಟಿದ್ದು 1945ರಲ್ಲಿ. ಚಿತ್ರಕಲೆ ಕಲಿಯಲು ಆಕ್ಸ್‌ಫರ್ಡಿಗೆ ಹೋದವರು ಚಿತ್ರ ಬಿಟ್ಟು ಹಾಡು ಬರೆಯುತ್ತ ಕೂತರು, ಕಾಲೇಜು ಅವರನ್ನು ಹೊರಗೆ ಕಳಿಸಿತು. ರೋಲಿಂಗ್ ಸ್ಟೋನ್ಸ್ ತಂಡದ ಮ್ಯಾನೇಜರ್ ಆಂಡ್ರ್ಯೂ ಓಲ್ಡಮ್ ಕಣ್ಣಿಗೆ ಬಿದ್ದರು. 1965ರಲ್ಲಿ ಅವರ ಮೊದಲ ರೆಕಾರ್ಡ್ ಬಂತು. ಆದರೆ ಅದು ಅವರ ಸ್ವಂತ ಹಾಡಲ್ಲ, ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ಬರೆದದ್ದು. ಓಡಲಿಲ್ಲ. ಆಮೇಲೆ ರೆಕಾರ್ಡ್ ಮಾಡಿದ ಕೆಲವು ಹಾಡುಗಳು ಹೊರಗೇ ಬರಲಿಲ್ಲ.

ಲಂಡನ್ನಿನ ಸಂಗೀತದ ಪೇಟೆ ಸಾಕಾಯಿತು. 1968ರಲ್ಲಿ ಸಂಗಾತಿ ರಾಬರ್ಟ್ ಲೂಯಿಸ್ ಜೊತೆ ಒಂದು ಕುದುರೆಗಾಡಿ ಹತ್ತಿ ಹೊರಟೇಬಿಟ್ಟರು. ಕುದುರೆಯ ಹೆಸರು ಬೆಸ್. ಗುರಿ ಸ್ಕಾಟ್ಲೆಂಡಿನ ಸ್ಕೈ ದ್ವೀಪ. ಗಾಯಕ ಡೊನೊವನ್ ಅಲ್ಲಿ ಕಲಾವಿದರಿಗಾಗಿ ಒಂದು ನೆಲೆ ಮಾಡುತ್ತಾರೆ ಎನ್ನುವ ಸುದ್ದಿ ಇತ್ತು. ನಾವಾದರೆ ರಾತ್ರಿ ಬೆಂಗಳೂರಲ್ಲಿ ಸ್ಲೀಪರ್ ಬಸ್ ಹತ್ತಿ ಬೆಳಿಗ್ಗೆ ಶಾಸ್ತ್ರಿ ಸರ್ಕಲ್‌ನಲ್ಲಿ ಇಳಿಯುವವರು, ಬಸ್ಸು ಒಂದು ಗಂಟೆ ತಡವಾದರೆ ಊರಿಗೆಲ್ಲ ಮೆಸೇಜ್ ಹಾಕುವವರು. ಅವರಿಗೆ ತಲುಪಲು ಒಂದೂವರೆ ವರ್ಷದ ಹತ್ತಿರ ಹಿಡಿಯಿತು. ತಲುಪುವಾಗ ಅಂದುಕೊಂಡ ನೆಲೆ ಅಂದುಕೊಂಡ ಹಾಗೆ ಉಳಿದಿರಲಿಲ್ಲ.

ಆದರೆ ದಾರಿಯಲ್ಲಿ ಹಾಡುಗಳು ಹುಟ್ಟಿದ್ದವು. ಗಾಡಿ ಎಳೆಯುವ ಕುದುರೆ, ಗದ್ದೆ, ಮಳೆ, ಒಲೆ, ಸಂಜೆ, ಇಷ್ಟೇ ವಸ್ತು. ನಿರ್ಮಾಪಕ ಜೋ ಬಾಯ್ಡ್ ಅವನ್ನು 1969ರ ಕೊನೆಯಲ್ಲಿ ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಿದರು. 1970ರ ಡಿಸೆಂಬರಿನಲ್ಲಿ 'ಜಸ್ಟ್ ಅನದರ್ ಡೈಮಂಡ್ ಡೇ' ಎಂಬ ಹೆಸರಲ್ಲಿ ಫಿಲಿಪ್ಸ್ ಕಂಪನಿ ಹೊರತಂದಿತು. ಹೊರತಂದಿತು ಅಂದರೆ ಅಷ್ಟೇ. ಪ್ರಚಾರ ಇಲ್ಲ, ಕಾರ್ಯಕ್ರಮ ಇಲ್ಲ, ಮಾರಾಟವೂ ಇಲ್ಲ. ಅಷ್ಟು ಹೊತ್ತಿಗೆ ವಾಷ್ಟಿಗೆ ಮೊದಲ ಮಗು ಹುಟ್ಟಿತ್ತು.

ಅವರು ಹಾಡು ನಿಲ್ಲಿಸಿದರು. ಕಾರ್ಯಕ್ರಮ ನಿಲ್ಲಿಸಿದ್ದು ಮಾತ್ರ ಅಲ್ಲ, ಹಾಡುವುದನ್ನೇ ಬಿಟ್ಟರು. ತಮ್ಮ ಮಕ್ಕಳಿಗೂ ಹಾಡಲಿಲ್ಲ ಎಂದು ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಮೂವರು ಮಕ್ಕಳು, ಸಾಕುಪ್ರಾಣಿಗಳು, ಐರ್ಲೆಂಡು, ಮತ್ತೆ ಸ್ಕಾಟ್ಲೆಂಡು, ಹಳೇ ಮನೆಗಳ ರಿಪೇರಿ. ಹೀಗೆ ವರ್ಷಗಳು ಹೋದವು.

ಹಾಡು ಒಬ್ಬಂಟಿಯಾಗಿ ತಿರುಗಿತು

ಇಲ್ಲಿ ನನ್ನೊಳಗಿನ ಸಾಫ್ಟ್‌ವೇರಿನವನು ಎದ್ದು ಕೂರುತ್ತಾನೆ. ಹಾಡಿದವರು ಸುಮ್ಮನಾದರೂ ಹಾಡಿನ ಪ್ರತಿ ಸುಮ್ಮನಿರಲಿಲ್ಲ. ಕೆಲವೇ ಪ್ರತಿಗಳು ಮಾರಾಟವಾಗಿದ್ದವು. ಅವು ಕೈಯಿಂದ ಕೈಗೆ, ಹಳೇ ರೆಕಾರ್ಡ್ ಅಂಗಡಿಯಿಂದ ಅಂಗಡಿಗೆ ಹೋದವು. ಕಡಿಮೆ ಇದ್ದದ್ದರಿಂದ ಬೆಲೆ ಏರಿತು. ಮುಂದೆ ಒಂದು ಮೂಲ ಪ್ರತಿ ಸಾವಿರ ಪೌಂಡಿಗೂ ಮೇಲೆ ಹೋಯಿತು. ಆ ದುಡ್ಡಿನಲ್ಲಿ ಹಾಡಿದವರಿಗೆ ಒಂದು ಪೈಸೆ ಬರಲಿಲ್ಲ, ಅದು ಬೇರೆ ಮಾತು.

1997ರ ಆ ಹುಡುಕಾಟದ ನಂತರ ಹಳೇ ಟೇಪು ಎಲ್ಲಿದೆ, ಹಕ್ಕು ಯಾರದು ಎಂದು ಪತ್ತೆ ಮಾಡುವ ಕೆಲಸ ಶುರುವಾಯಿತು. 2000ದಲ್ಲಿ ಆಲ್ಬಮ್ ಸಿ.ಡಿ.ಯಾಗಿ ಮತ್ತೆ ಬಂತು. ಈ ಸಲ ಕೇಳಿದವರು ಬೇರೆ ತಲೆಮಾರಿನವರು. ಆಗ ಇಪ್ಪತ್ತರ ಹರೆಯದಲ್ಲಿದ್ದ ಅಮೆರಿಕದ ಗಾಯಕ ಡೆವೆಂಡ್ರ ಬ್ಯಾನ್‌ಹಾರ್ಟ್ ಅವರಿಗೆ ಪತ್ರ ಬರೆದು, ನಾನು ಹಾಡು ಮುಂದುವರಿಸಲಾ ಎಂದು ಸಲಹೆ ಕೇಳಿದ. ಯೋಚಿಸಿ ನೋಡಿ. ಯಾರೂ ಕೇಳಲಿಲ್ಲ ಎಂದು ಹಾಡು ಬಿಟ್ಟವರ ಹತ್ತಿರ ಒಬ್ಬ ಹುಡುಗ ಬಂದು, ನಾನು ಹಾಡಬೇಕೋ ಬಿಡಬೇಕೋ ನೀವೇ ಹೇಳಿ ಅನ್ನುತ್ತಾನೆ! ಹಾಡು ಅಂದರು ವಾಷ್ಟಿ. 2004ರಲ್ಲಿ ಅವನ ಆಲ್ಬಮ್ಮಿನಲ್ಲಿ ಒಂದು ಹಾಡಿಗೆ ತಾವೂ ದನಿಗೂಡಿಸಿದರು. ಮರುವರ್ಷ ಅನಿಮಲ್ ಕಲೆಕ್ಟಿವ್ ಎಂಬ ಹುಡುಗರ ತಂಡದ ಜೊತೆ ಹಾಡಿದರು. 2005ರ ಅಕ್ಟೋಬರಿನಲ್ಲಿ ಅವರದೇ ಎರಡನೆಯ ಆಲ್ಬಮ್ ಬಂತು: 'ಲುಕ್‌ಆಫ್ಟರಿಂಗ್'.

ಈ ಹೆಸರಿನ ಮೇಲೆ ಒಂದು ನಿಮಿಷ ನಿಲ್ಲಬೇಕು. ಇಂಗ್ಲಿಷ್ ನಿಘಂಟಿನಲ್ಲಿ ಹುಡುಕಿದರೆ ಸಿಗುವ ಶಬ್ದ ಅಲ್ಲ ಇದು. ನೋಡಿಕೊಳ್ಳುವ ಕೆಲಸಕ್ಕೆ ಅವರು ಬಳಸುವ ಮನೆಮಾತು. ಶುದ್ಧ ಕನ್ನಡದಲ್ಲಿ ಆರೈಕೆ ಅನ್ನಬಹುದು. ನಮ್ಮ ಕುಂದಾಪ್ರ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಮಾತು ಇದೆ: ಕಂಡ್ಕಂಬುದು. "ಮಕ್ಳನ್ನ ಕಂಡ್ಕಂಬುದು", "ದನ ಕಂಡ್ಕಂಬುದು", "ಅತ್ತಿಯನ್ನ ಕಂಡ್ಕಂಬುದು". ಆ 35 ವರ್ಷ ಏನು ಮಾಡಿದಿರಿ ಎಂದು ಕೇಳುವವರಿಗೆ ಆಲ್ಬಮ್ಮಿನ ಹೆಸರೇ ಉತ್ತರ. ಕಂಡ್ಕಂಡೆ, ಅಷ್ಟೆ.

ಸಾಮಾನ್ಯವಾಗಿ ವಾಪಸು ಬಂದ ಕಲಾವಿದರ ಬಗ್ಗೆ ಬರೆಯುವಾಗ ಆ ನಡುವಿನ ಕಾಲವನ್ನು ಕಳೆದುಹೋದ ವರ್ಷಗಳು ಅನ್ನುತ್ತೇವೆ. ನಮ್ಮ ಇಂಟರ್‌ವ್ಯೂಗಳಲ್ಲೂ ಹಾಗೇ ತಾನೆ? ರೆಸ್ಯೂಮೆಯಲ್ಲಿ ಎರಡು ವರ್ಷ ಖಾಲಿ ಇದ್ದರೆ ಎದುರು ಕೂತವರು ಮೊದಲು ಅದಕ್ಕೇ ಬೆರಳಿಡುತ್ತಾರೆ. ಮಗು ನೋಡಿಕೊಂಡೆ, ಅಪ್ಪನ ಆಪರೇಷನ್ ಇತ್ತು ಅಂದರೆ "ಓಕೆ" ಎಂದು ಒಂದು ಟಿಕ್ ಹಾಕಿ ಮುಂದೆ ಹೋಗುತ್ತಾರೆ. ವಾಷ್ಟಿ ಮಾತ್ರ ಆ ಖಾಲಿ ಜಾಗವನ್ನೇ ಆಲ್ಬಮ್ಮಿನ ಮೇಲೆ ದೊಡ್ಡದಾಗಿ ಬರೆದರು. ಹನ್ನೊಂದು ಹಾಡುಗಳಲ್ಲಿ ಮಕ್ಕಳು ದೊಡ್ಡವರಾಗಿ ಹೊರಡುವುದು ಇದೆ, ಮನೆ ಇದೆ, ಮನೆಯಲ್ಲೇ ಉಳಿಯುವವಳಾಗದೆ ದಾರಿ ಹಿಡಿಯುವವಳಾಗಬೇಕಿತ್ತು ಎಂಬ ಆಸೆಯ ಒಂದು ಹಾಡೂ ಇದೆ. ಅಂದರೆ ಸಂಸಾರವೇ ಸ್ವರ್ಗ ಎಂಬ ಪಾಠ ಅಲ್ಲ. ಅಕ್ಕರೆಯೂ ಇದೆ, ಸಿಟ್ಟೂ ಇದೆ. ಮುಖಪುಟದ ಚಿತ್ರ ಬರೆದದ್ದು ಅವರ ಮಗಳು ವಿನ್ ಲೂಯಿಸ್. ನೋಡಿಕೊಂಡ ಮಗು ದೊಡ್ಡದಾಗಿ ಅಮ್ಮನ ಆಲ್ಬಮ್ಮಿಗೆ ಚಿತ್ರ ಬರೆಯಿತು.

ಸಂಗೀತದ ವಿಷಯಕ್ಕೆ ಬಂದರೆ, ನಿರ್ಮಾಪಕ ಮ್ಯಾಕ್ಸ್ ರಿಕ್ಟರ್ ಮಾಡಿದ ಒಳ್ಳೆಯ ಕೆಲಸವೆಂದರೆ ದನಿಯ ಮೇಲೆ ಏನನ್ನೂ ಹೇರದೇ ಇದ್ದದ್ದು. ವಾಷ್ಟಿಯದು ಪಿಸುಮಾತಿಗಿಂತ ಸ್ವಲ್ಪವೇ ದೊಡ್ಡ ದನಿ. ವೇದಿಕೆಯಲ್ಲಿ ಅದು ಮುಳುಗಿಹೋಗುತ್ತದೆ, ಮೈಕ್ ಹತ್ತಿರ ಇಟ್ಟರೆ ಕಿವಿಯ ಪಕ್ಕ ಕೂತು ಹಾಡಿದ ಹಾಗೆ ಕೇಳುತ್ತದೆ. ಪಿಯಾನೋ, ತಂತಿವಾದ್ಯ, ಕೊಳಲು ಎಲ್ಲ ಒಂದು ಹೆಜ್ಜೆ ಹಿಂದೆ ನಿಂತಿವೆ. ಇಯರ್‌ಫೋನ್ ಹಾಕಿ ಕೇಳಿ. ಟ್ರಾಫಿಕ್ಕಿನಲ್ಲಿ ಕಾರಿನ ಸ್ಪೀಕರಿನಲ್ಲಿ ಕೇಳಿದರೆ ಏನೂ ಇಲ್ಲ ಅನಿಸೀತು.

ದನಿ ಹೋದವರು ಬಂದದ್ದು

ಇಂಥದ್ದೇ ಇನ್ನೊಬ್ಬರ ಕಥೆ ಇದೆ, ಇನ್ನೂ ಕಠಿಣವಾದದ್ದು. ಶರ್ಲಿ ಕಾಲಿನ್ಸ್ ಇಂಗ್ಲೆಂಡಿನ ಜನಪದ ಹಾಡುಗಳ ದೊಡ್ಡ ಹೆಸರು. 1935ರಲ್ಲಿ ಹುಟ್ಟಿದವರು. 1959ರಲ್ಲಿ ಸಂಗ್ರಾಹಕ ಆಲನ್ ಲೊಮ್ಯಾಕ್ಸ್ ಜೊತೆ ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಹಳ್ಳಿ ತಿರುಗಿ ಹಾಡು ರೆಕಾರ್ಡ್ ಮಾಡಿದವರು. ಅವರು ಹಾಡು ಬಿಟ್ಟದ್ದಲ್ಲ, ದನಿಯೇ ಅವರನ್ನು ಬಿಟ್ಟಿತು. ಮದುವೆ ಮುರಿದ ಹೊತ್ತಿನಲ್ಲಿ ವೇದಿಕೆಯಲ್ಲಿ ಬಾಯಿ ತೆರೆದರೆ ದನಿ ಬರುತ್ತಿರಲಿಲ್ಲ. ಡಾಕ್ಟರುಗಳು ಇದಕ್ಕೆ ಡಿಸ್ಫೋನಿಯಾ ಅನ್ನುತ್ತಾರೆ. ಗಾಯಗೊಂಡದ್ದು ಮನಸ್ಸು, ಸ್ಟ್ರೈಕ್ ಮಾಡಿದ್ದು ಗಂಟಲು. 1978ರ ಆಲ್ಬಮ್ಮಿನ ನಂತರ ದಶಕಗಳ ಕಾಲ ಬೇರೆ ಬೇರೆ ಸಣ್ಣ ಕೆಲಸ ಮಾಡಿಕೊಂಡು ಬದುಕಿದರು.

ಡೇವಿಡ್ ಟಿಬೆಟ್ ಎಂಬ ಸಂಗೀತಗಾರ ವರ್ಷಗಟ್ಟಲೆ ಬೆನ್ನುಬಿದ್ದು ಕೇಳಿದರು. ಇಲ್ಲ ಅಂದರು, ಮತ್ತೆ ಕೇಳಿದರು. 2014ರ ಫೆಬ್ರವರಿಯಲ್ಲಿ ಲಂಡನ್ನಿನ ಯೂನಿಯನ್ ಚಾಪೆಲ್‌ನಲ್ಲಿ ಎರಡೇ ಎರಡು ಹಾಡು ಹಾಡಿದರು. 2016ರಲ್ಲಿ 'ಲೋಡ್‌ಸ್ಟಾರ್' ಆಲ್ಬಮ್ ಬಂತು. 38 ವರ್ಷದ ನಂತರ, 81ನೇ ವಯಸ್ಸಿನಲ್ಲಿ. ಸ್ಟುಡಿಯೋಗೆ ಹೋಗಲು ಧೈರ್ಯ ಬರಲಿಲ್ಲ ಎಂದು ಅವರ ಮನೆಯಲ್ಲೇ ರೆಕಾರ್ಡ್ ಮಾಡಿದರು. ದನಿ ಹಳೇದಲ್ಲ. ಕೆಳಗಿಳಿದಿದೆ, ದಪ್ಪವಾಗಿದೆ, ಅಲ್ಲಲ್ಲಿ ಒಡೆಯುತ್ತದೆ. ಕೊಲೆ, ಸಾವು, ಬಡತನದ ಹಳೇ ಕಥನಗೀತೆಗಳಿಗೆ ಆ ದನಿಯೇ ಸರಿ ಅಂತ ಕೇಳಿದರೆ ಗೊತ್ತಾಗುತ್ತದೆ. ನಮ್ಮಲ್ಲಿ ಪಾಡ್ದನ ಹೇಳುವ ಅಜ್ಜಿಯ ಗಂಟಲು ನಯವಾಗಿರಬೇಕು ಎಂದು ಯಾರಾದರೂ ಕೇಳುತ್ತಾರಾ? ಅದೇ ಲೆಕ್ಕ.

ಎರಡೂ ಕಥೆ ಪಕ್ಕಪಕ್ಕ ಇಟ್ಟರೆ ಒಂದು ವಿಷಯ ಕಾಣುತ್ತದೆ. ಇಬ್ಬರೂ ಒಂದು ಬೆಳಿಗ್ಗೆ ಎದ್ದು ಛಲದಿಂದ ವಾಪಸು ಬಂದವರಲ್ಲ. ಮೂರು ಸಂಗತಿ ಕೂಡಿ ಬಂದವು. ಒಂದು, ಎಲ್ಲೋ ಒಂದು ಪ್ರತಿ ಉಳಿದಿತ್ತು. ಎರಡು, ಯಾರೋ ಒಬ್ಬರು "ಹಾಡಿ" ಎಂದು ಕೇಳಿದರು, ಒಂದೇ ಸಲ ಅಲ್ಲ, ಮತ್ತೆ ಮತ್ತೆ. ಮೂರು, ಹೆದರಿಕೆಯಾಗದ ಒಂದು ಜಾಗ ಸಿಕ್ಕಿತು. ಈ ಮೂರರಲ್ಲಿ ಪ್ರತಿಭೆ ಇಲ್ಲ, ಗಮನಿಸಿ. ಪ್ರತಿಭೆ ಮೊದಲೂ ಇತ್ತು, ಸುಮ್ಮನಿದ್ದಾಗಲೂ ಇತ್ತು.

ನಮ್ಮ ಕಡೆಯ ಲೆಕ್ಕ

ಈಗ ಊರಿಗೆ ಬರೋಣ. ತಾವೇ ಕಟ್ಟಿ ತಾವೇ ಹಾಡುವವರು ಅಂದರೆ ನಮಗೆ ಗಿಟಾರ್ ಹಿಡಿದವರೇ ನೆನಪಾಗುತ್ತಾರೆ. ಆದರೆ ಬಡಗುತಿಟ್ಟಿನ ಕಾಳಿಂಗ ನಾವಡರು ಏನು ಮತ್ತೆ? ಗುಂಡ್ಮಿಯವರು, ಸಾಲಿಗ್ರಾಮ ಮೇಳದ ಭಾಗವತರು. 'ನಾಗಶ್ರೀ'ಯಂಥ ಪ್ರಸಂಗ ಬರೆದವರೂ ಅವರೇ, ಜಾಗಟೆ ಹಿಡಿದು ಪದ್ಯ ಹೇಳಿದವರೂ ಅವರೇ. 1990ರಲ್ಲಿ ಅಪಘಾತದಲ್ಲಿ ಹೋಗಿಬಿಟ್ಟರು, ಮೂವತ್ತರ ಆಸುಪಾಸಿನಲ್ಲಿ. ಅವರಿಗೆ ವಾಪಸು ಬರುವ ಅವಕಾಶವೇ ಇರಲಿಲ್ಲ. ಆದರೆ ದನಿ ಬರುತ್ತಲೇ ಇದೆ. ಆಟ ನೋಡಲು ಹೋದವರು ಟೇಪ್ ರೆಕಾರ್ಡರ್ ಹಿಡಿದು ಕೂತು ತುಂಬಿಸಿಕೊಂಡ ಕ್ಯಾಸೆಟ್ಟುಗಳು ಇಂದು ಯೂಟ್ಯೂಬಿನಲ್ಲಿವೆ. ನಾನು ಹುಟ್ಟುವ ಮೊದಲೇ ತೀರಿಕೊಂಡವರ ಪದ್ಯ ನನ್ನ ಪ್ಲೇಲಿಸ್ಟಿನಲ್ಲಿದೆ. ಹಿಂದಿನಿಂದ ಚೆಂಡೆ, ಜನರ ಕೆಮ್ಮು, ಎಲ್ಲೋ ಕಡಲೆ ಮಾರುವವನ ಕೂಗು ಕೂಡ ಕೇಳುತ್ತದೆ. ಯಾವನೋ ಒಬ್ಬ ಅಭಿಮಾನಿ ಅವತ್ತು ಬ್ಯಾಟರಿ ಸೆಲ್ಲಿಗೆ ದುಡ್ಡು ಹಾಕಿದ್ದಕ್ಕೆ ಇದು ನಮಗೆ ಉಳಿಯಿತು.

ಹೂವಿನಕೋಲು ಕೂಡ ಹೀಗೇ. ನವರಾತ್ರಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಭಾಗವತರು, ಮದ್ದಳೆಯವರು ಮನೆಮನೆಗೆ ಬಂದು, ಜಗಲಿಯಲ್ಲಿ ಕೂತು ಪ್ರಸಂಗದ ಒಂದು ತುಂಡು ಹಾಡಿ, ಮಾತಾಡಿ, ಮನೆಯವರನ್ನು ಹರಸಿ ಹೋಗುವ ಪದ್ಧತಿ. ಒಂದು ಕಾಲದಲ್ಲಿ ನಿಂತೇ ಹೋಯಿತು ಅನ್ನುವ ಸ್ಥಿತಿ. ಈಗ ಕೋಟ, ಸಾಲಿಗ್ರಾಮದ ಕಡೆಯ ತಂಡಗಳು ಮತ್ತೆ ತಿರುಗುತ್ತವೆ. ಗೊತ್ತಿದ್ದ ಹಿರಿಯರು ಕೆಲವರು ಉಳಿದಿದ್ದರು, ಕೇಳುವವರು ಹುಟ್ಟಿಕೊಂಡರು, ಜಗಲಿ ಹೇಗೂ ಇತ್ತು. ಅದೇ ಮೂರು ಲೆಕ್ಕ.

ವಿದ್ವಾಂಸರೂ ಮಾಡಿದ್ದಾರೆ. ಉಜಿರೆ ಹತ್ತಿರದ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಕೂಡಿ 1990ರಲ್ಲಿ ರೆಕಾರ್ಡ್ ಮಾಡಿದರು. 1998ರಲ್ಲಿ ಪುಸ್ತಕವಾಗಿ ಬಂದಾಗ 15,683 ಸಾಲು! ಒಬ್ಬ ಮನುಷ್ಯನ ನೆನಪಿನಲ್ಲಿ ಅಷ್ಟು ಇತ್ತು. ಆದರೆ ಎಲ್ಲರ ಮನೆ ಬಾಗಿಲಿಗೂ ಫಿನ್ಲೆಂಡಿನಿಂದ ಜನ ಬರುವುದಿಲ್ಲ. ಕುಡುಬಿಯರ ಹೋಳಿ ಕುಣಿತದ ಹಾಡು, ಗುಮಟೆಯ ಪೆಟ್ಟು, ನಟ್ಟಿಯ ಹಾಡು, ಹಸೆಗೆ ಕರೆಯುವ ಹಾಡು, ಕಾಡ್ಯನಾಟದ ಹಾಡು, ಇವನ್ನು ಗೊತ್ತಿದ್ದವರಲ್ಲಿ ಹೆಚ್ಚಿನವರು ಎಂದೂ ಒಂದು ಮೈಕಿನ ಎದುರು ಕೂತವರಲ್ಲ.

ನಮ್ಮ ಚಿಕ್ಕಿಯ ವಿಷಯ

ಉಪ್ಪುಂದದಲ್ಲಿ ನನಗೊಬ್ಬರು ಚಿಕ್ಕಿ ಇದ್ದಾರೆ. ಮದುವೆ ಮನೆಯಲ್ಲಿ ಬೀಗರನ್ನು ಹಾಸ್ಯ ಮಾಡುವ ಹಾಡು ಕಟ್ಟುವುದರಲ್ಲಿ ಒಂದು ಕಾಲದಲ್ಲಿ ಅವರದು ಎತ್ತಿದ ಕೈಯಂತೆ. ಗಂಡಿನ ಕಡೆಯವರು ಬಸ್ಸಿನಿಂದ ಇಳಿಯುವಾಗ ಯಾರ ಲುಂಗಿ ಹೇಗಿತ್ತು, ಯಾರು ಪಾಯಸ ಎಷ್ಟು ಸಲ ಹಾಕಿಸಿಕೊಂಡರು ಎಂದು ನೋಡಿಟ್ಟುಕೊಂಡು, ಊಟ ಮುಗಿಯುವ ಹೊತ್ತಿಗೆ ಹಾಡು ತಯಾರು. ಇದೆಲ್ಲ ಅಮ್ಮ ಹೇಳಿದ್ದು. ನಾನು ಕೇಳಿಲ್ಲ. ನನಗೆ ಬುದ್ಧಿ ಬರುವ ಹೊತ್ತಿಗೆ ಚಿಕ್ಕಿ ಹಾಡುತ್ತಿರಲಿಲ್ಲ. ಅವರ ಅತ್ತೆ ಮಲಗಿದಲ್ಲೇ ಹನ್ನೊಂದು ವರ್ಷ ಇದ್ದರು, ಮಕ್ಕಳು ಎರಡು, ಹಟ್ಟಿಯಲ್ಲಿ ದನ ಮೂರು, ಚಿಕ್ಕಪ್ಪ ಮುಂಬೈಯ ಹೋಟೆಲಿನಲ್ಲಿ. ಕಂಡ್ಕಂಬುದೇ ಒಂದು ಆಯುಷ್ಯದ ಕೆಲಸ.

ಕಳೆದ ಮಳೆಗಾಲ ವರ್ಕ್ ಫ್ರಂ ಹೋಮ್ ಅಂತ ಊರಲ್ಲಿದ್ದಾಗ ಕೇಳಿದೆ. "ಯಾರ್ ಕೇಂತ್ರ್ ಮಗಾ ಈಗ? ಮದಿಮನಿಯಂಗೆ ಡಿಜೆ ಇತ್ತಲೆ" ಅಂದರು. ಮರುದಿನ ಮತ್ತೆ ಕೇಳಿದೆ. "ಗಂಟ್ಲೂ ಇಲ್ಲೆ, ನೆನಪೂ ಇಲ್ಲೆ" ಅಂದರು. ಮೂರನೇ ದಿನ ಹಲಸಿನಹಣ್ಣು ಬಿಡಿಸುತ್ತ ಕೂತಾಗ ತಾವಾಗಿಯೇ ಶುರು ಮಾಡಿದರು. ಅಮ್ಮನ ಮದುವೆಗೆ ಕಟ್ಟಿದ ಹಾಡಂತೆ. ನಮ್ಮ ಅಪ್ಪಯ್ಯನ ಮೀಸೆಯ ಮೇಲೆ ನಾಲ್ಕು ನುಡಿ! ಮೂರನೇ ನುಡಿ ಎಷ್ಟು ಮಾಡಿದರೂ ಬರಲಿಲ್ಲ. ಆಚೆಮನೆಯ ಹೆಂಗಸೊಬ್ಬರು ಈಗ ಶಿವಮೊಗ್ಗದಲ್ಲಿ ಮಗನ ಮನೆಯಲ್ಲಿದ್ದಾರೆ. ಅವರಿಗೆ ಫೋನ್ ಹಚ್ಚಿದೆವು. ಅವರು ಆ ಕಡೆಯಿಂದ ಮೂರನೇ ನುಡಿ ಎತ್ತಿದರು, ಚಿಕ್ಕಿ ಈ ಕಡೆಯಿಂದ ಸೇರಿಸಿದರು. ಆಮೇಲೆ ಇಬ್ಬರೂ ಅರ್ಧ ಗಂಟೆ ಬೇರೆಯದೇ ಮಾತಾಡಿದರು. ಹಾಡಿನ ರೆಕಾರ್ಡಿಂಗ್ ಎರಡು ನಿಮಿಷ ನಲವತ್ತು ಸೆಕೆಂಡು. ನಡುವೆ ಒಮ್ಮೆ ಕುಕ್ಕರ್ ಸೀಟಿ ಹೊಡೆದಿದೆ.

ಇದರಿಂದ ಚಿಕ್ಕಿ ದೊಡ್ಡ ಗಾಯಕಿ ಆಗಲಿಲ್ಲ, ಆಗುವುದೂ ಇಲ್ಲ. ಆದರೆ ಈಗ ಫೋನ್ ಮಾಡಿದಾಗ ಒಂದೊಂದು ಸಲ ಅವರೇ "ಮತ್ತೊಂದ್ ನೆನ್ಪಾಯ್ತ್" ಅನ್ನುತ್ತಾರೆ. ಇಲ್ಲಿಗೆ ಏಳು ಹಾಡು ಆಗಿದೆ. ವಾಷ್ಟಿಗೆ ಹನ್ನೊಂದು. ನಾಲ್ಕು ಬಾಕಿ.

ಕೈಯಲ್ಲಿ ಫೋನ್ ಇದ್ದವರಿಗೆ

ನಮ್ಮ ತಲೆಮಾರಿಗೆ ಒಂದು ಅನುಕೂಲ ಇದೆ. 1970ರಲ್ಲಿ ಒಂದು ಹಾಡು ಉಳಿಯಬೇಕಾದರೆ ಕಂಪನಿ ಬೇಕಿತ್ತು, ಸ್ಟುಡಿಯೋ ಬೇಕಿತ್ತು. ಇವತ್ತು ಜೇಬಿನಲ್ಲಿರುವ ಫೋನಿನ ಮೈಕ್ ಸಾಕು. ಆದರೂ ರೆಕಾರ್ಡ್ ಮಾಡಿದ್ದು ಉಳಿಯುವುದಿಲ್ಲ, ಯಾಕೆಂದರೆ ನಾವು ಸರಿಯಾಗಿ ಇಡುವುದಿಲ್ಲ. ಕೆಲಸದ ಅನುಭವದಿಂದ ಕೆಲವು ಮಾತು ಹೇಳುತ್ತೇನೆ.

ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಒಳ್ಳೆಯ ನುಡಿಯ ಮಧ್ಯದಲ್ಲೇ ಪರ್ಸನಲ್ ಲೋನ್ ಕಾಲ್ ಬರುವುದು. ಫ್ಯಾನ್ ಆಫ್ ಮಾಡಿ, ಅದರ ಗುಂಯ್‌ಗುಡುವ ಸದ್ದು ಆಗ ಗೊತ್ತಾಗುವುದಿಲ್ಲ, ಆಮೇಲೆ ತೆಗೆಯಲೂ ಆಗುವುದಿಲ್ಲ. ಫೋನನ್ನು ಹಾಡುವವರಿಂದ ಒಂದು ಮೊಳ ದೂರದಲ್ಲಿ, ಬಟ್ಟೆಯ ಮೇಲೆ ಇಡಿ. ಖಾಲಿ ಹಾಲ್‌ಗಿಂತ ಹಾಸಿಗೆ, ಬಟ್ಟೆಬರೆ ಇರುವ ಸಣ್ಣ ಕೋಣೆ ಒಳ್ಳೆಯದು, ದನಿ ಮಾರ್ದನಿಸುವುದಿಲ್ಲ. ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ವಿಡಿಯೋ ಅಂದ ಕೂಡಲೆ ಅಮ್ಮಮ್ಮಂದಿರು ಸೀರೆ ಬದಲಿಸಲು ಹೋಗುತ್ತಾರೆ, ವಾಪಸು ಬರುವಾಗ ಹಾಡು ಹೋಗಿರುತ್ತದೆ.

ಹಾಡಿನ ಮೊದಲು ಅಥವಾ ಕೊನೆಯಲ್ಲಿ ಅವರಿಂದಲೇ ಹೇಳಿಸಿ: ಹೆಸರು, ಊರು, ಯಾರಿಂದ ಕಲಿತದ್ದು, ಯಾವಾಗ ಹಾಡುತ್ತಿದ್ದದ್ದು. ಇಪ್ಪತ್ತು ವರ್ಷದ ನಂತರ ಹಾಡಿಗಿಂತ ಈ ನಾಲ್ಕು ಮಾತೇ ಹೆಚ್ಚು ಬೆಲೆಬಾಳಬಹುದು. ಫೈಲಿಗೂ ಅದೇ ಹೆಸರು ಕೊಡಿ, ದಿನಾಂಕದ ಸಮೇತ. "ನ್ಯೂ ರೆಕಾರ್ಡಿಂಗ್ 47" ಎಂಬ ಹೆಸರಿನ ಫೈಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ವಾಟ್ಸ್ಯಾಪಿನಲ್ಲಿ ವಾಯ್ಸ್ ಮೆಸೇಜ್ ಆಗಿ ಹಾಡಿಸಿದರೆ ದನಿ ತುಂಬ ಹಿಂಡಿಹೋಗುತ್ತದೆ. ರೆಕಾರ್ಡರಿನಲ್ಲೇ ಮಾಡಿ, ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಮೂರು ಕಡೆ ಇಡಿ: ಫೋನಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು, ತಂಗಿಯ ಅಥವಾ ಅಣ್ಣನ ಲ್ಯಾಪ್‌ಟಾಪಿನಲ್ಲಿ ಒಂದು. ವಾಷ್ಟಿಯ ಆಲ್ಬಮ್ ಉಳಿದದ್ದು ಒಂದೇ ಕಡೆ ಭದ್ರವಾಗಿ ಇಟ್ಟಿದ್ದರಿಂದ ಅಲ್ಲ, ಗುರುತು ಪರಿಚಯ ಇಲ್ಲದ ಹಲವರ ಕಪಾಟಿನಲ್ಲಿ ಒಂದೊಂದು ಪ್ರತಿ ಇದ್ದದ್ದರಿಂದ.

ಇನ್ನೊಂದು ಮುಖ್ಯ ಮಾತು. ಕೇಳದೆ ರೀಲ್ಸ್‌ಗೆ ಹಾಕಬೇಡಿ. ಕೆಲವು ಹಾಡು ಆರಾಧನೆಗೆ ಸೇರಿದವು, ಹೊತ್ತುಗೊತ್ತಿಲ್ಲದೆ ಹಾಡುವ ಹಾಗಿಲ್ಲ ಎಂದು ಅವರೇ ನಂಬಿರುತ್ತಾರೆ. ಕೆಲವರಿಗೆ ತಮ್ಮ ಬಿರಿದ ದನಿ ಊರೆಲ್ಲ ಕೇಳುವುದು ಇಷ್ಟ ಇರುವುದಿಲ್ಲ. ಹಾಡು ಅವರದು, ಫೋನ್ ಮಾತ್ರ ನಮ್ಮದು. ವಾಷ್ಟಿಯ ಹಾಡೊಂದು ಮುಂದೆ ಟಿ-ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಬಂದು ಲಕ್ಷಾಂತರ ಜನ ಕೇಳಿದರು. ಅಷ್ಟು ಹೊತ್ತಿಗೆ ಹೌದು, ಅಲ್ಲ ಹೇಳಲು ಅವರೇ ಇದ್ದರು. ಆ ಮಾತು ಹೇಳುವ ಹಕ್ಕು ನಮ್ಮ ಅಮ್ಮಮ್ಮನಿಗೂ ಇದೆ.

ಮತ್ತೆ, ನಾವು?

ಇದನ್ನು ಬರೀ ಹಿರಿಯರ ವಿಷಯ ಎಂದು ಮುಗಿಸಲು ಮನಸ್ಸಿಲ್ಲ. ಮೂವತ್ತಕ್ಕೇ ಏನೇನೋ ಬಿಟ್ಟವರು ನಾವೂ ಇದ್ದೇವೆ. ಕಾಲೇಜಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನ ಕೀಬೋರ್ಡು ಈಗ ಬೇರೆ ಥರದ್ದು. ಭರತನಾಟ್ಯ ಸೀನಿಯರ್ ಮಾಡಿದವಳ ಗೆಜ್ಜೆ ಊರಿನ ಅಟ್ಟದಲ್ಲಿದೆ. ಯಕ್ಷಗಾನದ ಹೆಜ್ಜೆ ಕಲಿತವನು ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ನಿಂತಿದ್ದಾನೆ. ಬಿಟ್ಟದ್ದಕ್ಕೆ ಕಾರಣ ಎಲ್ಲರಿಗೂ ಇದೆ, ಹೆಚ್ಚಿನವು ನಿಜವಾದ ಕಾರಣಗಳೇ. ಇಎಂಐ ಸುಳ್ಳಲ್ಲ, ಡೆಡ್‌ಲೈನೂ ಸುಳ್ಳಲ್ಲ.

ಬಿಟ್ಟವರೆಲ್ಲ ವಾಪಸು ಬರಬೇಕು ಎಂದೂ ನಾನು ಹೇಳುವುದಿಲ್ಲ. ಬಿಟ್ಟು ನೆಮ್ಮದಿಯಾಗಿರುವವರು ಇದ್ದಾರೆ, ಅವರನ್ನು ಕೆಣಕುವುದು ಬೇಡ. ಆದರೆ ಬಿಟ್ಟ ಮೇಲೂ ಆ ಹಾಡು ಬಂದಾಗ ರೇಡಿಯೋ ಚಾನೆಲ್ ಬದಲಿಸುವವರು ಇದ್ದಾರಲ್ಲ, ಅವರಿಗೆ ಈ ಮಾತು. ವಾಷ್ಟಿ ಮಕ್ಕಳಿಗೂ ಹಾಡಲಿಲ್ಲ ಅಂದೆನಲ್ಲ. ಯಾರಿಗೂ ಬೇಡವಾದದ್ದು ಎಂದುಕೊಂಡದ್ದನ್ನು ಮತ್ತೆ ಬಾಯಿಗೆ ತಂದುಕೊಳ್ಳಲು ಅವರಿಗೆ ನೋವಾಗುತ್ತಿತ್ತು. ಅದು ಬಿಟ್ಟವರ ಲಕ್ಷಣ ಅಲ್ಲ, ಕಾಯುತ್ತಿರುವವರ ಲಕ್ಷಣ.

ಅವರ ಮೂರನೇ ಆಲ್ಬಮ್ 'ಹಾರ್ಟ್‌ಲೀಪ್' 2014ರಲ್ಲಿ ಬಂತು, ಹೆಚ್ಚುಕಡಿಮೆ ಎಪ್ಪತ್ತರ ಹೊತ್ತಿಗೆ. ಈ ಸಲ ನಿರ್ಮಾಪಕರೂ ಅವರೇ. ಅವರಿಗೆ ಸಂಗೀತದ ಲಿಪಿ ಓದಲು ಬರುವುದಿಲ್ಲ, ಪಿಯಾನೋ ಎರಡು ಕೈಯಲ್ಲಿ ಒಟ್ಟಿಗೆ ನುಡಿಸಲು ಬರುವುದಿಲ್ಲ. ಹಾಗಾಗಿ ಮನೆಯಲ್ಲಿ ಕಂಪ್ಯೂಟರಿಗೆ ಒಂದು ಮ್ಯೂಸಿಕ್ ಸಾಫ್ಟ್‌ವೇರ್ ಹಾಕಿಕೊಂಡು, ಕಲಿತು, ಒಂದು ಕೈಯ ಸ್ವರ ಮೊದಲು, ಇನ್ನೊಂದು ಕೈಯದು ಆಮೇಲೆ ಎಂದು ಕೂಡಿಸುತ್ತ ಹೋದರು. ವರ್ಷಗಳೇ ಹಿಡಿದವು. 1997ರಲ್ಲಿ ತಮ್ಮ ಹೆಸರು ಹುಡುಕಲು ಕೂತದ್ದು ಕಂಪ್ಯೂಟರ್ ಎದುರೇ, ಕೊನೆಗೆ ಹಾಡು ಜೋಡಿಸಿದ್ದೂ ಅದರ ಎದುರೇ. ಇದೇ ಕೊನೆಯ ಆಲ್ಬಮ್ ಎಂದು ಹೇಳಿದರು. 2022ರಲ್ಲಿ ಆ ಕುದುರೆಗಾಡಿಯ ದಿನಗಳ ಬಗ್ಗೆ 'ವೇವರ್ಡ್' ಎಂಬ ಪುಸ್ತಕ ಬರೆದರು.

ಮೂರೂ ಆಲ್ಬಮ್ ಇಂದು ಎಲ್ಲ ಆಪ್‌ಗಳಲ್ಲೂ ಇವೆ. ನನ್ನ ಸಲಹೆ ಕೇಳಿದರೆ 2005ರದ್ದರಿಂದ ಶುರು ಮಾಡಿ, ಆಮೇಲೆ 1970ಕ್ಕೆ ಹೋಗಿ. ಮೊದಲು ನೋಡಿಕೊಂಡವಳ ದನಿ ಕೇಳಿ, ಆಮೇಲೆ ಕುದುರೆಗಾಡಿ ಹತ್ತಿದ ಹುಡುಗಿಯ ದನಿ. ಎರಡರ ನಡುವೆ ಇರುವುದು 35 ವರ್ಷ ಎಂದು ಗೊತ್ತಿದ್ದರೂ ಕಿವಿ ನಂಬುವುದಿಲ್ಲ.

ಅದು ಮುಗಿದ ಮೇಲೆ ಊರಿಗೆ ಒಂದು ಫೋನ್ ಮಾಡಿ. ಊಟ ಆಯಿತಾ, ಮಳೆ ಇದೆಯಾ ಎಂದು ಕೇಳುವುದು ಇದ್ದದ್ದೇ. ಅದರ ಜೊತೆಗೆ, ನೀವು ಮೊದಲು ಹಾಡುತ್ತಿದ್ದಿರಂತಲ್ಲ, ಯಾವ ಹಾಡು ಎಂದು ಕೇಳಿ. ಮೊದಲ ಸಲ ಇಲ್ಲ ಅನ್ನುತ್ತಾರೆ. ಮರುದಿನ ಮತ್ತೆ ಕೇಳಿ.